ಕೃಷ್ಣವಿವರವೂ ಕ್ಷ-ಕಿರಣವೂ: ಒಂದು ಪ್ರಯೋಗದ ವಿಮರ್ಶೆ

‘ಕೃಷ್ಣವಿವರವು ಕ್ಷ-ಕಿರಣಗಳನ್ನು ಸೂಸುತ್ತದೆ’ ಎಂಬ ವಾಕ್ಯವು ಕನ್ನಡದ ವಿಜ್ಞಾನಬರಹಗಳಲ್ಲಿ ರೂಢವಾಗಿದೆ. ಬೆಳಕನ್ನು ಹೊರಬಿಡದ ವಸ್ತುವಿಗೆ ಕೃಷ್ಣವಿವರವೆಂದು ಹೆಸರಿಟ್ಟು, ಒಡನೆಯೇ ಅದು ಕಿರಣವನ್ನು ಸೂಸುವುದೆಂದರೆ ವ್ಯಾಘಾತದೋಷವು ಸ್ಪಷ್ಟ.

ಲಕ್ಷಣೆಯಿಂದ ಇದನ್ನು ಸಮರ್ಥಿಸಬಹುದೆಂದು ಕೆಲವರು ಹೇಳಿಯಾರು. ಗಂಗೆಯಲ್ಲಿ ಗೊಲ್ಲರ ಹಳ್ಳಿಯೆಂದರೆ ಗಂಗೆಯ ತೀರದಲ್ಲೆಂದು ಆಲಂಕಾರಿಕರು ಅರ್ಥಮಾಡುವರಷ್ಟೆ. ಬಂಟ್ವಾಳವು ನೇತ್ರಾವತಿಯಲ್ಲಿದೆಯೆಂದರೆ ಬೆಳ್ತಂಗಡಿಯವನಾಗಲಿ ಮೂಡುಬಿದಿರೆಯವನಾಗಲಿ ಪೇಟೆಯನ್ನು ಮಡುವಿನೊಳಗೆ ಹುಡುಕುವುದಿಲ್ಲ. (೧೯೨೩ರ ಮಹಾನೆರೆಯ ಮಾತು ಬೇರೆ.) ಆದರೆ ಮುಖ್ಯಾರ್ಥವು ಬಾಧಿತವೆಂದು ಕೇಳುಗನಿಗೆ ತೋರಿದಲ್ಲಿ ಮಾತ್ರ ಲಕ್ಷಣೆಯು ಪ್ರವರ್ತಿಸುವುದು. ನದಿಯನ್ನು ಕಂಡವನಿಗೆ ಆ ಬಾಧೆ ತಾನಾಗಿ ತೋರುತ್ತದೆ, ಕೃಷ್ಣವಿವರವನ್ನು ಕಂಡವರಾರು? ಹೊಸ ಓದುಗನು ವಾಚ್ಯಾರ್ಥವನ್ನೇ ನಂಬಿ, ವಿವರದೊಳಗಿನಿಂದ ಬೆಳಕು ಚಿಮ್ಮುವುದೆಂದು ತಿಳಿಯುವನು.

ಹಾಗಾದರೆ ಇಲ್ಲಿಯ ‘ತೀರ’ ಯಾವುದು? ಜೋಡಿನಕ್ಷತ್ರಗಳಲ್ಲಿ ಒಂದು ಕೃಷ್ಣವಿವರವಾಗಿದ್ದರೆ, ಸಂಗಾತಿಯಿಂದ ಸೆಳೆದ ಅನಿಲವು ನೇರವಾಗಿ ಒಳಬೀಳದೆ ಮಡುವಿನ ಸುಳಿಯಂತೆ ಬಿಲ್ಲೆಯಾಗಿ ಸುತ್ತುತ್ತದೆ. ಒಳಸುತ್ತು ವೇಗವಾಗಿಯೂ ಹೊರಸುತ್ತು ನಿಧಾನವಾಗಿಯೂ ತಿರುಗುವುದರಿಂದ ಘರ್ಷಣೆ ಹುಟ್ಟಿ, ಒಳಯಂಚು ಸುಮಾರು ಒಂದು ಕೋಟಿ ಡಿಗ್ರಿಯವರೆಗೆ ಕಾದು ಕ್ಷ-ಕಿರಣವನ್ನು ಬೀರುತ್ತದೆ. ೧೯೬೪ರಲ್ಲಿ ರಾಕೆಟ್ಟಿನ ಉಪಕರಣಕ್ಕೆ ಗೋಚರವಾದ ಸಿಗ್ನಸ್ ಎಕ್ಸ್-೧ ಇಂಥದು. ಸಕ್ರಿಯ ಗೆಲಾಕ್ಸಿಗಳ ನಡುವಣ ವಿವರಗಳಾದರೋ ಲಕ್ಷಾಂತರ ಸೂರ್ಯರಿಂದ ಮೊದಲಾಗಿ ನೂರಾರು ಕೋಟಿ ಸೂರ್ಯರಷ್ಟು ತೂಗುವವು. ವಿವರವು ದೊಡ್ಡದಾದಷ್ಟೂ ಬಿಲ್ಲೆ ತಂಪು. ಆದಕಾರಣ ಅಲ್ಲಿಯ ಬಿಲ್ಲೆ ಮುಖ್ಯವಾಗಿ ಬೀರುವುದು ಅತಿನೇರಳೆಯನ್ನು. ‘ಕರೋನಾ’ ಎಂಬ ಅತ್ಯುಷ್ಣ ಎಲೆಕ್ಟ್ರಾನುಗಳ ಮೋಡವು ಆ ಬೆಳಕಿಗೆ ತನ್ನ ಶಕ್ತಿಯನ್ನಿತ್ತು ಕ್ಷ-ಕಿರಣವಾಗಿಸುತ್ತದೆ. ಜೋಡಿಗಳಲ್ಲಿಯೂ ಒಮ್ಮೊಮ್ಮೆ ಇದರದೇ ಮೇಲುಗೈ. ಹೀಗೆ ತೀರವೂ ಒಂದಲ್ಲ, ಎರಡು.

ಈ ಕರೋನಾದ ಆಕಾರವೇನು, ನೆಲೆಯೆಲ್ಲಿ ಎಂಬುದೇ ಇನ್ನೂ ವಿವಾದದಲ್ಲಿದೆ. ೨೦೧೫ರ ಸೆಪ್ಟೆಂಬರ್ ೨೮ರಂದು ಹಾರಿದ ಆಸ್ಟ್ರೋಸ್ಯಾಟ್ ಉಪಗ್ರಹವು ಗರುಡ ನಕ್ಷತ್ರಪುಂಜದ ಜಿಆರ್‌ಎಸ್ ೧೯೧೫+೧೦೫ರ ಏರಿಳಿತಗಳನ್ನು ಅಳೆದದ್ದು, ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯು ರಚಿಸಿದ ಪೋಲಿಕ್ಸ್ ಉಪಕರಣವನ್ನು ಹೊತ್ತು ಎಕ್ಸ್‌ಪೋಸ್ಯಾಟ್ ೨೦೨೪ರ ಜನವರಿ ೧ರಂದು ಮೇಲೇರಿದ್ದು, ಇಂಥ ಕಿರಣವು ಎಲ್ಲಿಂದ, ಹೇಗೆ ಹುಟ್ಟುವುದೆಂಬುದನ್ನು ಅರಿಯುವುದಕ್ಕಾಗಿಯೂ ಅಹುದು. ವಿವರವೇ ಸೂಸುವುದೆಂದು ಬರೆದವನು ಆ ಪ್ರಶ್ನೆಯನ್ನೇ ಅಳಿಸಿಬಿಡುತ್ತಾನೆ.

‘ಕೃಷ್ಣವಿವರದ ಸುತ್ತಣ ಸುಳಿಯಿಂದ’, ‘ಸುಳಿಯ ಮೇಲಣ ಕರೋನಾದಿಂದ’ ಎಂದು ಬಿಡಿಸಿ ಬರೆಯತಕ್ಕದ್ದು. ಈ ಸುಳಿಗೆ ‘ಸಂಚಯನ’ ಎಂಬ ಹೆಸರೂ ಅಷ್ಟಾಗಿ ಒಪ್ಪದು: ಕಣದ ಭತ್ತದಂತೆ ದ್ರವ್ಯವು ಅಲ್ಲಿ ರಾಶಿಬೀಳುವುದಿಲ್ಲ, ಸುತ್ತುತ್ತ ಒಳಜಾರುತ್ತದೆ.