ಮೂರು ಬೈಟಿನ ತಿದ್ದುಪಡಿ: ವಿಕಿಪೀಡಿಯದ ಪರಿಶೀಲನೆ ಮತ್ತು ಗಡಿಯ ಕನ್ನಡ

ಕಾಸರಗೋಡಿನ ಏತಡ್ಕ ಸೀಮೆಯ ಕೃಷಿಯನ್ನು ಕುರಿತ ವಿಕಿಪೀಡಿಯ ಲೇಖನವೊಂದರಲ್ಲಿ ‘ಊರವರು ಸೇರಿ ಹೊಳೆಗೆ ಕಟ್ಟ ಹಾಕುತ್ತಾರೆ’ ಎಂಬ ವಾಕ್ಯವಿದೆಯೆಂದು ಭಾವಿಸೋಣ. ದೂರದ ನಗರವೊಂದರ ಸ್ವಯಂಸೇವಕರೊಬ್ಬರು ಅದನ್ನು ಓದಿ ‘ಕಟ್ಟ’ವನ್ನು ‘ಕಟ್ಟೆ’ ಎಂದು ತಿದ್ದುತ್ತಾರೆ. ಕಾರಣದ ಜಾಗದಲ್ಲಿ ‘ಕಾಗುಣಿತ’ ಎಂದು ಬರೆಯುತ್ತಾರೆ. ಯೂನಿಕೋಡಿನ ಯುಟಿಎಫ್-8 ಸಂಕೇತದಲ್ಲಿ ಕನ್ನಡದ ಒಂದು ಸ್ವರಚಿಹ್ನೆಗೆ 3 ಬೈಟ್ ಬೇಕು. ಆದ್ದರಿಂದ ‘ಇತ್ತೀಚೆಗಿನ ಬದಲಾವಣೆಗಳು’ ಎಂಬ ಪಟ್ಟಿಯಲ್ಲಿ ಈ ತಿದ್ದುಪಡಿಯ ಎದುರು ‘+3’ ಎಂಬ ಹಸಿರು ಅಂಕಿ ಮೂಡುತ್ತದೆ. ಪಟ್ಟಿಯನ್ನು ನೋಡುತ್ತಿರುವ ಇನ್ನೊಬ್ಬ ಪರಿಶೀಲಕರು ಹಳೆಯ ಹೊಸ ಪಾಠಗಳನ್ನು ಎದುರುಬದುರು ಇಟ್ಟು ನೋಡಿ, ಸಮಾಧಾನಪಟ್ಟು ಮುಂದಿನ ಸಾಲಿಗೆ ಹೋಗುತ್ತಾರೆ.

ಇಲ್ಲಿ ಯಾರೂ ಸುಳ್ಳು ಹೇಳಿಲ್ಲ, ಯಾರೂ ದುರುದ್ದೇಶದಿಂದ ವರ್ತಿಸಿಲ್ಲ. ಆದರೂ ಒಂದು ಪದ ನಾಶವಾಗಿದೆ. ಮಳೆಗಾಲದ ಹರಿವು ಇಳಿದ ಮೇಲೆ ಕಲ್ಲು ಮಣ್ಣುಗಳಿಂದ ತೋಡಿಗೋ ಹೊಳೆಗೋ ಅಡ್ಡಲಾಗಿ ಹಾಕುವ ತಾತ್ಕಾಲಿಕ ಒಡ್ಡಿಗೆ ಆ ಸೀಮೆಯಲ್ಲಿ ‘ಕಟ್ಟ’ ಎನ್ನುತ್ತಾರೆ. ಅದು ವರ್ಷವರ್ಷವೂ ಊರು ಕೂಡಿ ಮಾಡಬೇಕಾದ ಕೆಲಸ. ‘ಕಟ್ಟೆ’ ಎಂದೊಡನೆ ಓದುಗರ ಕಣ್ಣಮುಂದೆ ಬರುವುದು ಕೆರೆಯ ಏರಿಯೋ ಮರದ ಬುಡದ ಜಗಲಿಯೋ ಆಗಿರುತ್ತದೆ. ಒಂದು ಸ್ವರಚಿಹ್ನೆಯೊಂದಿಗೆ ಒಂದು ನೀರಾವರಿ ಪದ್ಧತಿಯೂ ಅದರ ಹಿಂದಿನ ಸಾಮುದಾಯಿಕ ಶ್ರಮದ ಕಲ್ಪನೆಯೂ ಲೇಖನದಿಂದ ಹೊರಬಿದ್ದವು. ವಿಕಿಪೀಡಿಯದ ಪರಿಶೀಲನೆಯನ್ನು ಕುರಿತ ಚರ್ಚೆ ಸಾಮಾನ್ಯವಾಗಿ ಕಿಡಿಗೇಡಿತನದ ಸುತ್ತ ಸುತ್ತುತ್ತದೆ. ಗಡಿಯ ಕನ್ನಡಕ್ಕೆ ಅದಕ್ಕಿಂತ ಗಂಭೀರವಾದ ಪ್ರಶ್ನೆಯೆಂದರೆ, ಪರಿಶೀಲಿಸುವವರು ಯಾವ ಕನ್ನಡವನ್ನು ಬಲ್ಲವರು ಎಂಬುದು.

ಪರಿಶೀಲನೆಯ ಸಾಧನವೇ ಈ ಪ್ರಶ್ನೆಯನ್ನು ಮರೆಮಾಡುವಂತಿದೆ. 1995ರಲ್ಲಿ ವಾರ್ಡ್ ಕನಿಂಗ್‌ಹ್ಯಾಮ್ ರೂಪಿಸಿದ ಮೊದಲ ವಿಕಿಯಲ್ಲಿಯೇ ಇತ್ತೀಚಿನ ಬದಲಾವಣೆಗಳ ಪುಟವಿತ್ತು. ಯಾರು ಬೇಕಾದರೂ ತಿದ್ದಬಹುದಾದ ಪಠ್ಯವು ಉಳಿಯಬೇಕಾದರೆ ತಿದ್ದಿದ್ದು ಎಲ್ಲರಿಗೂ ಕಾಣಬೇಕು ಎಂಬ ಸರಳ ತರ್ಕ ಅದರ ಹಿಂದಿದೆ. 2001ರಲ್ಲಿ ಆರಂಭವಾದ ವಿಕಿಪೀಡಿಯ ಈ ಪುಟವನ್ನು ತನ್ನದಾಗಿಸಿಕೊಂಡಿತು; 2003ರಲ್ಲಿ ಆರಂಭವಾದ ಕನ್ನಡ ಆವೃತ್ತಿಗೂ ಅದೇ ಬಂದಿತು. ಪಟ್ಟಿಯ ಒಂದೊಂದು ಸಾಲಿನಲ್ಲೂ ವೇಳೆ, ಲೇಖನದ ಹೆಸರು, ತಿದ್ದಿದವರ ಗುರುತು, ಹೆಚ್ಚಿದ ಅಥವಾ ಕಡಿಮೆಯಾದ ಬೈಟುಗಳು, ಒಂದು ಚಿಕ್ಕ ಟಿಪ್ಪಣಿ ಇರುತ್ತವೆ. ಇಡೀ ಭಾಗ ಅಳಿಸಿಹೋದರೆ ದೊಡ್ಡ ಕೆಂಪು ಅಂಕಿ ಕಣ್ಣಿಗೆ ಬೀಳುತ್ತದೆ. ಖಾತೆಯಿಲ್ಲದವರು ಬೈಗುಳ ತುಂಬಿದರೆ ಅದೂ ಬೇಗ ಸಿಗುತ್ತದೆ. ಹಲವು ಆವೃತ್ತಿಗಳಲ್ಲಿ ತಿದ್ದುಪಡಿಯು ಹಾನಿಕರವಾಗಿರುವ ಸಂಭವವನ್ನು ಯಂತ್ರವೇ ಅಂದಾಜಿಸಿ ತೋರಿಸುತ್ತದೆ. ಆದರೆ ಅನುಭವಿಯೊಬ್ಬರು ಸದುದ್ದೇಶದಿಂದ ಮಾಡಿದ ‘+3’ ಈ ಯಾವ ಜಾಲರಿಯಲ್ಲೂ ನಿಲ್ಲುವುದಿಲ್ಲ. ಅಲ್ಲದೆ ಈ ಪಟ್ಟಿಯ ಆಯುಷ್ಯ ಸುಮಾರು 30 ದಿನಗಳು. ಅಷ್ಟರಲ್ಲಿ ಯಾರ ಕಣ್ಣಿಗೂ ಬೀಳದ ತಪ್ಪು ಆಮೇಲೆ ಲೇಖನದ ಇತಿಹಾಸದಲ್ಲಿ ಮಾತ್ರ ಇರುತ್ತದೆ. ಹುಡುಕಿಕೊಂಡು ಹೋದವರಿಗಷ್ಟೇ ಅದು ದೊರೆಯುತ್ತದೆ.

ಕನ್ನಡದ ವಿದ್ವತ್ತಿಗೆ ಈ ಸನ್ನಿವೇಶ ಅಪರಿಚಿತವಲ್ಲ. ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯನ್ನು ಓದಿದವರಿಗೆ ಲಿಪಿಕಾರನ ಸ್ವಭಾವ ಗೊತ್ತು. ಅರ್ಥವಾಗದ ಪದ ಎದುರಾದಾಗ ಅವನು ತನಗೆ ಪರಿಚಿತವಾದ ಪದವನ್ನು ಬರೆದು ಓಲೆಯನ್ನು ‘ಸರಿಪಡಿಸು’ತ್ತಾನೆ. ಅದಕ್ಕಾಗಿಯೇ ಎರಡು ಪಾಠಾಂತರಗಳಲ್ಲಿ ಸುಲಭವಾದುದನ್ನು ಸಂಶಯದಿಂದಲೂ ಕ್ಲಿಷ್ಟವಾದುದನ್ನು ಗೌರವದಿಂದಲೂ ನೋಡಬೇಕೆಂಬ ವಿವೇಕ ಗ್ರಂಥಸಂಪಾದನೆಯಲ್ಲಿ ಬೆಳೆದುಬಂದಿತು. ವಿಕಿಯ ಪರಿಶೀಲಕರು ಲಿಪಿಕಾರರೂ ಹೌದು, ಸಂಪಾದಕರೂ ಹೌದು. ವೇಗದ ಒತ್ತಡದಲ್ಲಿ ಅವರೊಳಗಿನ ಲಿಪಿಕಾರ ಗೆಲ್ಲುತ್ತಾನೆ. ಗಡಿನಾಡಿನ ಪದಗಳು ಒಳನಾಡಿನ ಓದುಗರ ಪಾಲಿಗೆ ಬಹುಮಟ್ಟಿಗೆ ಕ್ಲಿಷ್ಟಪಾಠಗಳೇ. ಮನೆಯ ಹಿಂದಿನ ‘ಸುರಂಗ’ದಿಂದ ಕುಡಿಯುವ ನೀರು ಬರುತ್ತದೆ ಎಂಬ ವಾಕ್ಯ, ಮುರಕಲ್ಲಿನ ಗುಡ್ಡವನ್ನು ಅಡ್ಡಡ್ಡಲಾಗಿ ಕೊರೆದು ನೀರು ತರುವ ಕಾಸರಗೋಡಿನ ಪದ್ಧತಿಯನ್ನು ಕಾಣದವರಿಗೆ ತಪ್ಪಾಗಿಯೇ ತೋರೀತು. ಅವರಿಗೆ ಸುರಂಗವೆಂದರೆ ರೈಲು ಹೋಗುವ ದಾರಿ.

ಭಾಷೆ ಬಲ್ಲ ಓದುಗರೇ ಇಲ್ಲದಾಗ ಏನಾಗುತ್ತದೆ ಎಂಬುದಕ್ಕೆ ಸ್ಕಾಟ್ಸ್ ವಿಕಿಪೀಡಿಯ ನಿದರ್ಶನ. ಸ್ಕಾಟ್ಲೆಂಡಿನ ಈ ಭಾಷೆಯ ಆವೃತ್ತಿಯಲ್ಲಿ 20 ಸಾವಿರಕ್ಕೂ ಹೆಚ್ಚು ಲೇಖನಗಳನ್ನು ಆ ಭಾಷೆ ಬಾರದ ಹದಿಹರೆಯದ ಅಮೆರಿಕನ್ ಒಬ್ಬನು ರಚಿಸಿದ್ದನೆಂದು 2020ರ ಆಗಸ್ಟ್‌ನಲ್ಲಿ ಬಯಲಾಯಿತು. ಇಂಗ್ಲಿಷ್ ವಾಕ್ಯಗಳನ್ನು ಇಟ್ಟುಕೊಂಡು, ಅಂತರಜಾಲದ ನಿಘಂಟಿನ ನೆರವಿನಿಂದ ಪದಗಳನ್ನು ಮಾತ್ರ ಬದಲಿಸುವುದು ಅವನ ಕ್ರಮವಾಗಿತ್ತು. ವರ್ಷಗಟ್ಟಲೆ ನಡೆದ ಈ ಕೆಲಸ ಗುಟ್ಟಾಗಿ ನಡೆದದ್ದಲ್ಲ. ಪ್ರತಿಯೊಂದು ತಿದ್ದುಪಡಿಯೂ ಬದಲಾವಣೆಗಳ ಪಟ್ಟಿಯಲ್ಲಿ ದಾಖಲಾಗಿತ್ತು, ಅವನು ಅಲ್ಲಿನ ನಿರ್ವಾಹಕನೂ ಆಗಿದ್ದನು. ಅವನಲ್ಲಿ ದುರುದ್ದೇಶವಿರಲಿಲ್ಲವೆಂಬುದನ್ನು ಬಹುತೇಕರು ಒಪ್ಪುತ್ತಾರೆ. ಕಾಣುವಂತಿರುವುದಕ್ಕೂ ಓದಲ್ಪಡುವುದಕ್ಕೂ ನಡುವಿನ ಅಂತರವನ್ನು ಈ ಪ್ರಕರಣ ತೋರಿಸಿಕೊಟ್ಟಿತು. ಸಣ್ಣ ಆವೃತ್ತಿಗಳನ್ನು ಕಾಯಲೆಂದೇ ಹಲವು ದೇಶಗಳ ಸ್ವಯಂಸೇವಕರ ತಂಡವೊಂದಿದೆ. ಜಾಹೀರಾತಿನ ಕೊಂಡಿಗಳನ್ನೂ ಅರ್ಥಹೀನ ಅಕ್ಷರಗಳ ಸಾಲುಗಳನ್ನೂ ತೆಗೆಯುವಲ್ಲಿ ಅವರ ಸೇವೆ ದೊಡ್ಡದು. ಆದರೆ ಭಾಷೆ ಬಾರದ ಕಾವಲುಗಾರರು ವ್ಯಾಕರಣದ ಅಪಚಾರವನ್ನೂ ನಯವಾದ ಸುಳ್ಳನ್ನೂ ಗುರುತಿಸಲಾರರು.

ಹಾಗೆಂದು ಭಾಷೆ ಬಲ್ಲವರಿದ್ದರೆ ಸಾಕೆಂದೂ ಹೇಳುವಂತಿಲ್ಲ. ಕ್ರೊಯೇಷಿಯನ್ ವಿಕಿಪೀಡಿಯದಲ್ಲಿ ಭಾಷೆ ಚೆನ್ನಾಗಿ ಬಲ್ಲ ನಿರ್ವಾಹಕರಿದ್ದರು. ಆದರೆ ಅವರಲ್ಲಿ ಪ್ರಬಲರಾದ ಕೆಲವರು ಒಂದೇ ಸಿದ್ಧಾಂತದವರಾಗಿದ್ದರು. ಸುಮಾರು ಒಂದು ದಶಕದ ಕಾಲ ಅವರು ದೇಶದ ಇತಿಹಾಸವನ್ನು ತಮ್ಮ ರಾಷ್ಟ್ರೀಯತೆಗೆ ತಕ್ಕಂತೆ ಇಟ್ಟುಕೊಂಡು, ಭಿನ್ನವಾಗಿ ಬರೆದವರನ್ನು ನಿರ್ಬಂಧಿಸಿದರು. 2013ರಲ್ಲಿ ಆ ದೇಶದ ಶಿಕ್ಷಣ ಸಚಿವರೇ ವಿದ್ಯಾರ್ಥಿಗಳಿಗೆ ಅದನ್ನು ನೆಚ್ಚಬೇಡಿರೆಂದು ಹೇಳಬೇಕಾಯಿತು. 2021ರಲ್ಲಿ ವಿಕಿಮೀಡಿಯ ಫೌಂಡೇಶನ್ ಈ ಕುರಿತ ಅಧ್ಯಯನ ವರದಿಯನ್ನು ಪ್ರಕಟಿಸಿತು. ಅಲ್ಲಿ ಪರಿಶೀಲನೆಯೇ ಅತಿಕ್ರಮಣದ ಸಾಧನವಾಗಿತ್ತು.

ಗಡಿಯ ಕನ್ನಡಿಗರು ಈ ಎರಡನೆಯ ಅಪಾಯವನ್ನು ಪರರದೆಂದು ಬದಿಗಿಡಲಾಗದು. 1967ರ ಮಹಾಜನ ಆಯೋಗದ ವರದಿಯನ್ನೇ ನೋಡಬಹುದು. ಚಂದ್ರಗಿರಿ ಹೊಳೆಯ ಉತ್ತರದ ಕಾಸರಗೋಡು ಮತ್ತು ಮಹಾರಾಷ್ಟ್ರದ ಅಕ್ಕಲಕೋಟೆ, ಜತ್ತ ಮೊದಲಾದ ಪ್ರದೇಶಗಳು ಅಂದಿನ ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಆಯೋಗ ಶಿಫಾರಸು ಮಾಡಿತು. ಅದು ಜಾರಿಗೆ ಬರಲಿಲ್ಲ. ಲೇಖನವೊಂದರಲ್ಲಿ ‘ಶಿಫಾರಸು’ ಎಂಬ ಪದವನ್ನು ಯಾರಾದರೂ ‘ತೀರ್ಪು’ ಎಂದು ಬದಲಿಸಿದರೆ ಕನ್ನಡದ ಪರಿಶೀಲಕರು ಅದನ್ನು ಹಿಂದೂಡುವರೆ? ಮಾತು ತಮ್ಮ ನೋವಿಗೆ ಹತ್ತಿರವಾದಾಗ ಕಣ್ಣು ಮಂಜಾಗುವುದು ಸಹಜ. 2021ರಲ್ಲಿ ಕಾಸರಗೋಡಿನ ಕೆಲವು ಸ್ಥಳನಾಮಗಳನ್ನು ಮಲಯಾಳೀಕರಿಸಲಾಗುತ್ತಿದೆ ಎಂಬ ಆಕ್ಷೇಪ ಎದ್ದಿತು. ಅಧಿಕಾರಿಗಳು ಅಂಥ ಪ್ರಸ್ತಾವವಿಲ್ಲವೆಂದರು. ಇಂಥ ವಿಷಯದಲ್ಲಿ ಆಕ್ಷೇಪವನ್ನು ಆಕ್ಷೇಪವೆಂದೂ ನಿರಾಕರಣೆಯನ್ನು ನಿರಾಕರಣೆಯೆಂದೂ ಎರಡನ್ನೂ ಉಳಿಸುವುದು ಪರಿಶೀಲಕರ ಧರ್ಮ. ಗಡಿಯ ಕನ್ನಡದ ಪರವಾದ ದಾಖಲೆಗೆ ಬಲ ಬರುವುದು ಅದು ಎದುರಾಳಿಯ ಓದನ್ನೂ ತಾಳಿಕೊಂಡಾಗ.

ಇನ್ನೊಂದು ತೊಡಕು ಆಕರಗಳದು. ಪ್ರಕಟಿತ ಆಧಾರವಿಲ್ಲದ ವಾಕ್ಯವನ್ನು ತೆಗೆಯುವ ಹಕ್ಕು ಪರಿಶೀಲಕರಿಗಿದೆ, ಅದು ನ್ಯಾಯವೂ ಹೌದು. ಆದರೆ ‘ಕಟ್ಟ’ದ ಬಗೆಗಿನ ತಿಳಿವಳಿಕೆ ಹೆಚ್ಚಾಗಿ ಕೃಷಿಕರ ಬಾಯಲ್ಲಿದೆ, ಇಲ್ಲವೆ ಸ್ಥಳೀಯ ಪತ್ರಿಕೆಗಳ ಹಳೆಯ ಸಂಚಿಕೆಗಳಲ್ಲಿದೆ. 2011ರಲ್ಲಿ ಅಚಲ್ ಪ್ರಭಲಾ ಅವರ ನೇತೃತ್ವದಲ್ಲಿ ಮಲಯಾಳಂ, ಹಿಂದಿ ಮತ್ತು ದಕ್ಷಿಣ ಆಫ್ರಿಕದ ಸೆಪೇಡಿ ಭಾಷೆಗಳಲ್ಲಿ ಮೌಖಿಕ ಹೇಳಿಕೆಗಳನ್ನು ಧ್ವನಿಮುದ್ರಿಸಿ ಆಕರವಾಗಿ ಬಳಸುವ ಪ್ರಯೋಗ ನಡೆಯಿತು. ಗಡಿಯಾಚೆಯ ಭಾಷೆ ಅಂದೇ ಎತ್ತಿದ ಪ್ರಶ್ನೆ ಗಡಿಯ ಕನ್ನಡಕ್ಕೆ ಇನ್ನೂ ಹತ್ತಿರದ್ದು. ಪರಿಶೀಲಕರ ಕೈಯಲ್ಲಿ ಆಕರವಿಲ್ಲದಿದ್ದಾಗ ಅವರನ್ನು ದೂರುವುದು ಸುಲಭ. ಆಕರವನ್ನು ಒದಗಿಸದ ವಿದ್ವತ್ತಿನ ಹೊಣೆಯೂ ಅಷ್ಟೇ ಇದೆ.

ಈ ಎಲ್ಲದರಿಂದ ಹೊರಡುವ ತೀರ್ಮಾನ ಸ್ವಯಂಸೇವಕರ ವಿರುದ್ಧವಾದುದಲ್ಲ. ಸಂಬಳವಿಲ್ಲದೆ, ಹೆಸರನ್ನೂ ಬಯಸದೆ, ದಿನದ ಕೆಲಸ ಮುಗಿಸಿ ರಾತ್ರಿ ಕುಳಿತು ಪಟ್ಟಿ ನೋಡುವ ಕೆಲವರ ಶ್ರಮದಿಂದಲೇ ಕನ್ನಡದ ಈ ವಿಶ್ವಕೋಶ ಓದುವಂತಿದೆ. ಅವರಲ್ಲಿ ಮಂಜೇಶ್ವರದವರು, ಅಕ್ಕಲಕೋಟೆಯವರು, ತಾಳವಾಡಿಯವರು, ಆದವಾನಿಯವರು ಸೇರಬೇಕಾಗಿದೆ. ಮಲಯಾಳಂ, ಮರಾಠಿ, ತಮಿಳು, ತೆಲುಗು ಆವೃತ್ತಿಗಳಲ್ಲಿ ಅದೇ ಊರಿನ ಲೇಖನ ಏನು ಹೇಳುತ್ತಿದೆ ಎಂಬುದನ್ನು ಓದಿ ಹೋಲಿಸಬಲ್ಲವರು ಅವರೇ. ದ್ವಿಭಾಷಿಕರ ಈ ಸಾಮರ್ಥ್ಯ ಯಂತ್ರದ ಅಂದಾಜಿಗೆ ದಕ್ಕುವಂಥದಲ್ಲ.

ಅದಕ್ಕೆ ದೊಡ್ಡ ಯೋಜನೆಯೂ ಬೇಕಿಲ್ಲ. ತನ್ನ ತಾಲೂಕಿನ ಇಪ್ಪತ್ತು ಲೇಖನಗಳನ್ನು ವೀಕ್ಷಣಾಪಟ್ಟಿಗೆ ಸೇರಿಸಿಕೊಂಡು ವಾರಕ್ಕೊಮ್ಮೆ ನೋಡುವ ಒಬ್ಬ ಅಧ್ಯಾಪಕರಿದ್ದರೆ ‘+3’ರ ಹಿಂದೆ ಏನಿದೆಯೆಂದು ಕೇಳುವವರು ಹುಟ್ಟಿಕೊಳ್ಳುತ್ತಾರೆ. ತಪ್ಪು ಕಂಡಾಗ ಹಿಂದೂಡಿ ಸುಮ್ಮನಾಗದೆ, ಲೇಖನದ ಚರ್ಚೆಪುಟದಲ್ಲಿ ‘ಕಟ್ಟ’ ಎಂದರೇನು, ಅದು ಎಲ್ಲಿ ದಾಖಲಾಗಿದೆ ಎಂದು ನಾಲ್ಕು ಸಾಲು ಬರೆದಿಟ್ಟರೆ ಮುಂದಿನ ಪರಿಶೀಲಕರಿಗೆ ಅದೇ ಪಾಠಾಂತರದ ಟಿಪ್ಪಣಿ. ಕನ್ನಡ ವಿಕಿಪೀಡಿಯವು ತನ್ನ ಸಾರ್ವಜನಿಕ ಚರ್ಚೆಯ ಜಾಗಕ್ಕೆ ‘ಅರಳಿ ಕಟ್ಟೆ’ ಎಂದು ಹೆಸರಿಟ್ಟಿದೆ. ‘ಕಟ್ಟ’ವು ‘ಕಟ್ಟೆ’ಯಲ್ಲ ಎಂಬ ಮಾತನ್ನು ಆ ಕಟ್ಟೆಯ ಮೇಲೆ ಕುಳಿತು ಹೇಳಬೇಕಾದವರು ಗಡಿಯವರೇ.