ಪೀಠಕ್ಕೆ ಕರೆದವರಿಗೆ ರಜೆಯೂ ಬೇಕು

ಶಿಕಾರಿಪುರ, ಸೊರಬದ ಯಾವ ಊರಿನಲ್ಲೇ ಆಗಲಿ, ದಿಕ್ಕಿಲ್ಲದ ಮಗುವೊಂದು ಸಿಕ್ಕರೆ ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಅದನ್ನು ಶಿವಮೊಗ್ಗ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ತರಬೇಕು. ಅಲ್ಲಿರುವವರು ವೃತ್ತಿನಿರತ ನ್ಯಾಯಾಧೀಶರಲ್ಲ. ಅಧ್ಯಕ್ಷರೂ ಸೇರಿ ಐವರು ನಾಗರಿಕರು. 2015ರ ಬಾಲನ್ಯಾಯ ಕಾಯ್ದೆ ಅವರಿಗೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಅಧಿಕಾರ ಕೊಟ್ಟಿದೆ. ಅಪರಾಧದ ಆರೋಪ ಹೊತ್ತ ಮಕ್ಕಳನ್ನು ವಿಚಾರಿಸುವ ಬಾಲ ನ್ಯಾಯ ಮಂಡಳಿಯಲ್ಲೂ ಮ್ಯಾಜಿಸ್ಟ್ರೇಟರ ಪಕ್ಕ ಇಬ್ಬರು ಸಮಾಜ ಕಾರ್ಯಕರ್ತರಿಗೆ ಜಾಗವಿದೆ. ಎತ್ತರದ ವೇದಿಕೆಯಿಲ್ಲ, ಕಟಕಟೆಯಿಲ್ಲ. ಮಗುವಿನ ಎದುರಿಗೇ ಕೂತು ಮಾತಾಡಬೇಕು. ಇಷ್ಟು ಮನುಷ್ಯತ್ವವಿರುವ ಏರ್ಪಾಡು ನಮ್ಮ ಕಾನೂನಿನಲ್ಲಿ ಅಪರೂಪ.

ಕೊರತೆ ಇರುವುದು ಮುಂದಿನ ಕಲಮುಗಳಲ್ಲಿ. ಸಮಿತಿ ತಿಂಗಳಿಗೆ ಕನಿಷ್ಠ 20 ದಿನ ಸೇರಬೇಕು. ವರ್ಷದ ಸಭೆಗಳಲ್ಲಿ ಮುಕ್ಕಾಲು ಪಾಲಿಗಾದರೂ ಬಾರದಿದ್ದರೆ ಸದಸ್ಯತ್ವ ಹೋಗುತ್ತದೆ. ಆದರೆ ಸದಸ್ಯರು ಕೆಲಸ ಮಾಡುವ ಕಡೆ ಅವರಿಗೆ ರಜೆ ಕೊಡಬೇಕೆಂಬ ಮಾತು ಕಾಯ್ದೆಯಲ್ಲಿ ಎಲ್ಲೂ ಇಲ್ಲ.

ಸೊರಬದ ಖಾಸಗಿ ಶಾಲೆಯ ಶಿಕ್ಷಕಿಯೊಬ್ಬರನ್ನು ನೆನೆಯಿರಿ. ಮಕ್ಕಳ ಮುಖ ನೋಡಿಯೇ ಮನೆಯ ಸಂಕಟ ತಿಳಿಯಬಲ್ಲವರು. ಬೆಳಗಿನ ಬಸ್ಸು ಹಿಡಿದು ಶಿರಾಳಕೊಪ್ಪ, ಶಿಕಾರಿಪುರ ದಾಟಿ ಶಿವಮೊಗ್ಗ ಸೇರುವಷ್ಟರಲ್ಲಿ ಅವರ ಮೊದಲೆರಡು ಪಿರಿಯಡ್ ಮುಗಿದಿರುತ್ತವೆ. ತಿಂಗಳಿಗೆ 20 ದಿನ ಹೀಗೆ ಹೋದರೆ ಯಾವ ಆಡಳಿತ ಮಂಡಳಿ ಸಂಬಳ ಕೊಟ್ಟೀತು? ಹಾಗಾಗಿ ಅಂಥವರು ಅರ್ಜಿಯನ್ನೇ ಹಾಕುವುದಿಲ್ಲ. ಪೀಠ ನಿವೃತ್ತರಿಗೆ, ವಕೀಲರಿಗೆ, ಹೊತ್ತು ತಮ್ಮ ಕೈಯಲ್ಲಿರುವವರಿಗೆ ಉಳಿಯುತ್ತದೆ. ಅವರ ದುಡಿಮೆಗೆ ಗೌರವವಿದೆ. ಆದರೆ ದುಡಿಯುವ ಮನೆಗಳ ಮಕ್ಕಳ ಮುಂದೆ ದುಡಿಯುವವರೂ ಕೂರಬೇಡವೇ?

ಇಂಗ್ಲೆಂಡಿನಲ್ಲಿ ಸಂಬಳವಿಲ್ಲದ ನಾಗರಿಕ ಮ್ಯಾಜಿಸ್ಟ್ರೇಟರು ವರ್ಷಕ್ಕೆ ಕನಿಷ್ಠ 13 ದಿನ ಸರದಿಯಂತೆ ಕೂರುತ್ತಾರೆ. 1996ರ ಉದ್ಯೋಗ ಹಕ್ಕುಗಳ ಕಾಯ್ದೆಯ ಪ್ರಕಾರ ಮಾಲೀಕರು ಅವರಿಗೆ ಬಿಡುವು ಕೊಡಲೇಬೇಕು. ಆ ದಿನದ ಸಂಬಳ ಕೊಡಲೇಬೇಕೆಂದಿಲ್ಲ, ಅದು ಅಲ್ಲಿನ ಕುಂದು. ನಮ್ಮಲ್ಲೂ ಮತದಾನದ ದಿನ ಸಂಬಳಸಹಿತ ರಜೆ ಕೊಡಬೇಕೆಂದು ಜನಪ್ರಾತಿನಿಧ್ಯ ಕಾಯ್ದೆಯ 135-ಬಿ ಕಲಮು ಹೇಳುತ್ತದೆ. ಮತ ಹಾಕಲು ಸಿಗುವ ಬಿಡುವು ಒಂದು ಮಗುವಿನ ಬದುಕು ತೀರ್ಮಾನಿಸಲು ಯಾಕೆ ಸಿಗಬಾರದು?

ರಜೆಯೊಂದೇ ಸಾಲದು. 20 ದಿನದ ಹೊರೆಯನ್ನು ಐವರ ಮೇಲೇ ಹೊರಿಸುವ ಬದಲು ತಾಲ್ಲೂಕುಗಳಿಂದ ಹೆಚ್ಚು ಜನರನ್ನು ಆರಿಸಿ, ತರಬೇತಿ ಕೊಟ್ಟು, ಸರದಿ ಹಾಕಬೇಕು. ಒಂದೊಂದು ಮಗುವಿನ ಪ್ರಕರಣವನ್ನು ಕೊನೆವರೆಗೂ ಅದೇ ತಂಡ ನೋಡಿಕೊಳ್ಳಲಿ. ಆಗ ಸೊರಬದ ಆ ಶಿಕ್ಷಕಿ ತಿಂಗಳಿಗೆ ಎರಡು ದಿನ ಶಿವಮೊಗ್ಗದ ಬಸ್ಸು ಹತ್ತಬಹುದು, ಕೆಲಸ ಹೋದೀತೆಂಬ ಭಯವಿಲ್ಲದೆ.