ವೇಷ, ನೋಟ, ವ್ಯಾಪಾರ

ಬಸವಕಲ್ಯಾಣ–ಹುಮನಾಬಾದ ಸೀಮೆಯಲ್ಲಿ ನಾರಾಯಣಪುರದ ಚಾಲುಕ್ಯಕಾಲೀನ ಶಿವಾಲಯವನ್ನು ಕಾಣಬಂದ ಕಲಾಸಕ್ತರು ಜಲಸಂಗ್ವಿಗೂ ಹೋಗಿ, ಅಲ್ಲಿಯ ಗುಡಿಯ ಭಿತ್ತಿಯಲ್ಲಿ ವಿಕ್ರಮಾದಿತ್ಯನ ಪ್ರಶಸ್ತಿಯನ್ನು ಬರೆಯುತ್ತ ನಿಂತಿರುವ ಶಿಲಾಸುಂದರಿಯನ್ನು ನೋಡದೆ ಮರಳುವುದು ವಿರಳ. ಅರಸನು ತನ್ನ ಕೀರ್ತಿಯನ್ನು ತಾನೇ ಸಾರಿದರೆ ಅದು ಆತ್ಮಸ್ತುತಿ. ಚೆಲುವೆಯೊಬ್ಬಳು ಸ್ವೇಚ್ಛೆಯಿಂದ ಬರೆದಳೆಂಬಂತೆ ಕಡೆಯಿಸಿದರೆ ಅದೇ ಲೋಕದ ಸಾಕ್ಷ್ಯ. ಕಟ್ಟಿದುದನ್ನು ಸಹಜವೆಂದು ತೋರಿಸುವ ಈ ಕೌಶಲವು ದೂರದರ್ಶನದೊಡನೆ ಹುಟ್ಟಿದುದೇನೂ ಅಲ್ಲ. ಅದನ್ನು ಬಯಲಿಗೆಳೆಯುವ ವಿವೇಕವೂ ಈ ನೆಲಕ್ಕೆ ಹೊಸತಲ್ಲ; ವೇಷ ಹಾಕುವುದನ್ನೇ ಕಾಯಕವಾಗಿಸಿಕೊಂಡ ಬಹುರೂಪಿ ಚೌಡಯ್ಯನನ್ನೂ, ನಗಿಸುವುದನ್ನೇ ಕಾಯಕವಾಗಿಸಿಕೊಂಡ ನಗೆಯ ಮಾರಿತಂದೆಯನ್ನೂ ಹನ್ನೆರಡನೆಯ ಶತಮಾನದ ಶರಣಸಮುದಾಯವು ತನ್ನವರೆಂದೇ ಎಣಿಸಿತ್ತು. ನಮ್ಮ ಕಾಲದ ಕನ್ನಡ ಚಲನಚಿತ್ರವು ಮಾಧ್ಯಮದ ಮಾಯೆಯನ್ನು ಕುರಿತು ಏನು ಹೇಳಿದೆ, ಏನನ್ನು ಹೇಳದೆ ಬಿಟ್ಟಿದೆ ಎಂಬುದನ್ನು ಈ ಹಿನ್ನೆಲೆಯಲ್ಲಿಟ್ಟು ಪರಿಶೀಲಿಸುವುದು ಉಚಿತವಾದೀತು.

ಈ ಬಗೆಯ ವಿಡಂಬನೆಗೆ ಪಾಶ್ಚಾತ್ಯರಲ್ಲಿ ಪೀಟರ್ ವಿಯರ್ ನಿರ್ದೇಶಿಸಿದ ‘ದಿ ಟ್ರೂಮನ್ ಶೋ’ (1998) ಪ್ರಸಿದ್ಧ ನಿದರ್ಶನ. ಹುಟ್ಟಿದಂದಿನಿಂದ ಸಹಸ್ರಾರು ಕ್ಯಾಮೆರಾಗಳ ಕಣ್ಗಾವಲಿನಲ್ಲಿ ಬೆಳೆದ ಟ್ರೂಮನ್ನನಿಗೆ ತನ್ನ ಊರೇ ಒಂದು ಸ್ಟುಡಿಯೊ, ತನ್ನ ಹೆಂಡತಿ ಸಂಬಳದ ನಟಿ ಎಂಬುದು ತಿಳಿಯದು. ದಾಂಪತ್ಯವು ಕುಸಿದುಬೀಳುತ್ತಿರುವ ಗಳಿಗೆಯಲ್ಲಿಯೂ ಆಕೆ ಕೋಕೋ ಪುಡಿಯ ಗುಣಗಾನಕ್ಕೆ ತೊಡಗುತ್ತಾಳೆ. ಇಣುಕಿ ನೋಡುವ ಕಣ್ಣೂ ಆ ಕಣ್ಣನ್ನು ಸಾಕುವ ಹಣವೂ ಆ ಒಂದೇ ದೃಶ್ಯದಲ್ಲಿ ಒಟ್ಟಾಗಿ ಸಿಕ್ಕಿಬೀಳುತ್ತವೆ.

ಕನ್ನಡ ನಾಡಿನಲ್ಲಿ ದೂರದರ್ಶನದ ಚರಿತ್ರೆ ಬೇರೆಯೇ ಭಾವದಿಂದ ಮೊದಲಾಯಿತು. 1975ರ ಆಗಸ್ಟಿನಿಂದ ಒಂದು ವರ್ಷ, ದೇಶದ ಆರು ರಾಜ್ಯಗಳ 2,400 ಹಳ್ಳಿಗಳಿಗಾಗಿ ನಡೆದ ಉಪಗ್ರಹ ಶಿಕ್ಷಣ ಪ್ರಯೋಗದಲ್ಲಿ ಬಸವಕಲ್ಯಾಣ ಸೀಮೆಯ ನೆರೆಯ ಕಲಬುರಗಿ ಜಿಲ್ಲೆಯೂ ಸೇರಿತ್ತು. ಊರಿಗೊಂದರಂತೆ ಇಟ್ಟ ಪೆಟ್ಟಿಗೆಯ ಮುಂದೆ ಜನ ನೆರೆದು ಬೇಸಾಯ, ಆರೋಗ್ಯಗಳ ಪಾಠ ಕೇಳುತ್ತಿದ್ದರು. ಪಾಠ ಹೇಳುವ ಪೆಟ್ಟಿಗೆಯು ಆಸೆ ಹಚ್ಚುವ ಪೆಟ್ಟಿಗೆಯಾದ ಮೇಲಣ ಕಥೆಯನ್ನು ಗಿರೀಶ ಕಾಸರವಳ್ಳಿಯವರ ‘ಗುಲಾಬಿ ಟಾಕೀಸ್’ (2008) ಹೇಳುತ್ತದೆ. ವೈದೇಹಿಯವರ ಕಥೆಯನ್ನು ಆಧರಿಸಿದ, ಉಮಾಶ್ರೀಯವರಿಗೆ ರಾಷ್ಟ್ರಪ್ರಶಸ್ತಿಯನ್ನು ತಂದಿತ್ತ ಈ ಚಿತ್ರದಲ್ಲಿ, ಕರಾವಳಿಯ ಸೂಲಗಿತ್ತಿ ಗುಲಾಬಿಗೆ ಹೆರಿಗೆಯ ಉಪಕಾರಕ್ಕಾಗಿ ಟಿ.ವಿ.ಯೂ ಡಿಶ್ ಆಂಟೆನಾವೂ ದೊರೆಯುತ್ತವೆ. ಗಂಡ ತೊರೆದ ಮುಸಲ್ಮಾನ ಹೆಂಗಸಿನ ಮನೆಯು ನೆರೆಹೊರೆಯ ಹೆಂಗಸರ ಕೂಟವಾಗುತ್ತದೆ. ಕಾರ್ಗಿಲ್ ಯುದ್ಧದ ಕಾವು ಊರಿಗೆ ಹಬ್ಬಿದೊಡನೆ ಅದೇ ಮನೆ ಸಂಶಯದ ನೆಲೆಯೂ ಆಗುತ್ತದೆ. ಗುಲಾಬಿಯನ್ನು ಊರು ಬಿಡಿಸಿದ ಮೇಲೆ, ಅದುವರೆಗೆ ಆ ಹೊಸ್ತಿಲು ತುಳಿಯದಿದ್ದ ಮುದುಕಿಯರಿಬ್ಬರು ಟಿ.ವಿ. ನೋಡಲೆಂದು ಒಳಹೋಗುತ್ತಾರೆ. ಮನೆಯೊಡತಿಯ ಗತಿಯೇನೆಂಬ ವಿಚಾರಕ್ಕಿಂತ ಪರದೆಯ ಸೆಳೆತವೇ ಬಲವತ್ತರವೆಂಬ ಕಠೋರ ಸತ್ಯವು ಅಲ್ಲಿ ಒಂದು ಮಾತೂ ಇಲ್ಲದೆ ವ್ಯಕ್ತವಾಗಿದೆ.

ಗಿರೀಶ ಕಾರ್ನಾಡರ ‘ಒಡಕಲು ಬಿಂಬ’ ನಾಟಕವು ಇದೇ ವಸ್ತುವನ್ನು ಸ್ಟುಡಿಯೊದ ಒಳಗಿನಿಂದ ನೋಡಿದುದು. ಟಿ.ವಿ.ಯಲ್ಲಿ ಭಾಷಣ ಮುಗಿಸಿದ ಲೇಖಕಿಯನ್ನು ಪರದೆಯ ಮೇಲಿನ ಆಕೆಯ ಬಿಂಬವೇ ತಡೆದು, ಪಾಟೀಸವಾಲಿಗೆ ಒಳಪಡಿಸಿ, ಕೀರ್ತಿ ತಂದ ಕಾದಂಬರಿ ಯಾರದೆಂಬ ಗುಟ್ಟನ್ನು ಹೊರಗೆಡಹುತ್ತದೆ. ಕುಂ. ವೀರಭದ್ರಪ್ಪನವರ ಕಥೆಯಿಂದ ಕಾಸರವಳ್ಳಿಯವರು ರೂಪಿಸಿದ, 2011ರ ಸಾಲಿನ ಶ್ರೇಷ್ಠ ಕನ್ನಡ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆದ ‘ಕೂರ್ಮಾವತಾರ’ದಲ್ಲಿ ಈ ವ್ಯವಹಾರವು ಇನ್ನೂ ಸೂಕ್ಷ್ಮವಾಗುತ್ತದೆ. ಮುಖಲಕ್ಷಣ ಹೋಲುತ್ತದೆಂಬ ಒಂದೇ ಕಾರಣಕ್ಕೆ ಸರ್ಕಾರಿ ನೌಕರ ಆನಂದರಾಯರು ಧಾರಾವಾಹಿಯಲ್ಲಿ ಗಾಂಧಿಯಾಗುತ್ತಾರೆ. ಗಾಂಧಿಯ ವಿಷಯದಲ್ಲಿ ಅವರಿಗೆ ಮೊದಲು ವಿಶೇಷ ಆಸಕ್ತಿಯೇ ಇರಲಿಲ್ಲ. ಜನ ಮಾತ್ರ ಚಿತ್ರೀಕರಣ ಮುಗಿದರೂ ಅವರನ್ನು ವೇಷದಿಂದ ಇಳಿಯಗೊಡರು. ಗಾಂಧಿಯ ಕನ್ನಡಕದಿಂದ ತನ್ನ ಮನೆಯನ್ನೇ ನೋಡಬೇಕಾಗಿ ಬಂದ ಸಾಧಾರಣ ಗೃಹಸ್ಥನ ಸಂಕಟವು ಆ ಚಿತ್ರದ ನಿಜವಾದ ವಸ್ತು.

ಈ ಪರಂಪರೆಯ ಹಿರಿಮೆ ಇಲ್ಲಿಯೇ ಇದೆ. ಟ್ರೂಮನ್ ಮೋಸಹೋದವನು, ಗೋಡೆಯ ಬಾಗಿಲು ಸಿಕ್ಕಿದರೆ ಅವನಿಗೆ ಮುಕ್ತಿ. ಆನಂದರಾಯರು ವೇಷವನ್ನು ವೇಷವೆಂದೇ ಅರಿತವರಾದುದರಿಂದ ಅವರಿಗೆ ಪಾರಾಗಲು ಬಾಗಿಲೇ ಇಲ್ಲ. ಆದರೆ ನೋಡುವವನ ಪಾಪವನ್ನು ಇಷ್ಟು ಬಲ್ಲ ನಮ್ಮ ಚಿತ್ರಕಾರರು ತೋರಿಸುವವನ ಲಾಭವನ್ನು ವಿಚಾರಣೆಗೆ ಕರೆದುದು ಕಡಮೆ. ಗುಲಾಬಿಯ ಪರದೆಯಲ್ಲಿ ಯಾರ ಸಾಬೂನು ಮಾರಾಟವಾಯಿತು, ಗಾಂಧಿಯ ಧಾರಾವಾಹಿಗೆ ಹಣ ಹೂಡಿದವನು ಬದಲಿಗೆ ಏನು ಪಡೆದ ಎಂಬ ಪ್ರಶ್ನೆಗಳು ಚೌಕಟ್ಟಿನ ಅಂಚಿನಲ್ಲಿಯೇ ಉಳಿದುವು. ದೋಷವೆಲ್ಲ ಮನುಷ್ಯಸ್ವಭಾವದ್ದೆಂಬ ಭಾವಕ್ಕೆ ಇದು ಎಡೆಗೊಟ್ಟಿದೆ.

ಎರಡನೆಯ ಕೊರತೆ ನಗೆಯದು. ಸಾಯುತ್ತೇನೆಂದು ಹೇಳಿದ ಬಡ ರೈತ ಕಾಣೆಯಾದಾಗ, ಅವನ ಮಲದ ಮುಂದೆ ನಿಂತು ಅವನ ಮನಃಸ್ಥಿತಿಯನ್ನು ವಿಶ್ಲೇಷಿಸುವ ವರದಿಗಾರನನ್ನು ಅನುಷಾ ರಿಜ್ವಿಯವರ ಹಿಂದಿ ಚಿತ್ರ ‘ಪೀಪ್ಲಿ ಲೈವ್’ (2010) ತೋರಿಸಿತು. ಆ ನಗೆ ಅಸಹ್ಯದಿಂದ ಹುಟ್ಟಿದುದಾದರೂ ಮಾಧ್ಯಮದ ಗಾಂಭೀರ್ಯವನ್ನು ಒಂದೇ ಏಟಿಗೆ ಕಳಚಿತು. ನಮ್ಮ ಚಿತ್ರಗಳು ಮರುಗಿದಷ್ಟು ನಕ್ಕಿಲ್ಲ. ಕರುಣೆಯು ವಿಡಂಬನೆಯ ಸ್ಥಾನವನ್ನು ಆಕ್ರಮಿಸಿದಲ್ಲಿ ಅಪರಾಧಿಯೂ ದಯೆಗೆ ಪಾತ್ರನಾಗಿ ತಪ್ಪಿಸಿಕೊಳ್ಳುತ್ತಾನೆ.

ಸಾಮಗ್ರಿಯ ಅಭಾವವಂತೂ ಇಲ್ಲ. ನಗರದ ಯುವತಿಯರನ್ನು ಹಳ್ಳಿಗೂ ಹಳ್ಳಿಯ ಯುವಕರನ್ನು ನಗರಕ್ಕೂ ಸಾಗಿಸಿ, ಅವರ ತಡವರಿಕೆಯನ್ನೇ ಮನರಂಜನೆಯಾಗಿಸಿದ ರಿಯಾಲಿಟಿ ಶೋಗಳನ್ನು ಕನ್ನಡ ವಾಹಿನಿಗಳೇ ಪ್ರಸಾರಮಾಡಿದುವು. 2013ರಿಂದ ‘ಬಿಗ್ ಬಾಸ್’ ಮನೆಯ ಜಗಳಗಳು ನಮ್ಮ ಮನೆಯ ಮಾತಾದುವು. 2024ರ ಏಪ್ರಿಲಿನಲ್ಲಿ ಇಂಡಿ ತಾಲೂಕಿನ ಲಚ್ಯಾಣದಲ್ಲಿ ಕೊಳವೆಬಾವಿಗೆ ಬಿದ್ದ ಕಂದ ಬದುಕಿ ಬಂದುದು ನಾಡಿನ ಭಾಗ್ಯವೇ. ಆದರೂ ಪ್ರಾರ್ಥನೆಯೂ ಕುತೂಹಲವೂ ಜಾಹೀರಾತೂ ಒಂದೇ ಪರದೆಯಲ್ಲಿ ಬೆರೆಯುವ ಇಂಥ ನೇರಪ್ರಸಾರದ ನೀತಿಯನ್ನು, 1951ರಷ್ಟು ಹಿಂದೆಯೇ ಬಿಲ್ಲಿ ವೈಲ್ಡರ್ ‘ಏಸ್ ಇನ್ ದಿ ಹೋಲ್’ನಲ್ಲಿ ಮಾಡಿದಂತೆ, ಇಡಿಯ ಚಿತ್ರವೊಂದರಲ್ಲಿ ಪರೀಕ್ಷಿಸುವ ಹೊಣೆಯನ್ನು ಕನ್ನಡದ ಹೊಸ ಅಲೆ ತನ್ನ ಮೇಲೆ ಹೊತ್ತುಕೊಳ್ಳಲಿಲ್ಲ. ಅಂತರಂಗವನ್ನು ಶೋಧಿಸುವುದನ್ನು ಅದು ಕಲಿಸಿದೆ, ಆ ಋಣ ದೊಡ್ಡದು. ಮುಂದಿನವರು ವಾಹಿನಿಯ ಲೆಕ್ಕದ ಪುಸ್ತಕವನ್ನೂ ಬಿಚ್ಚಿ ಓದಬೇಕು. ಓದುವಾಗ ಮಾರಿತಂದೆಯಂತೆ ಜನರನ್ನು ನಗಿಸಲೂ ಬೇಕು.